ಶಿಂಜಿಗೆ ಯಾರೂ ಹೇಳಲೇ ಇಲ್ಲ

ನಮ್ಮ ಹಾಸ್ಟೆಲ್‌ನಲ್ಲಿ ಅನಿಮೆ ನೋಡದೇ ಇರೋ ಫ್ಲೋರೇ ಇಲ್ಲ. ನರುಟೊ ದೊಡ್ಡದಾ ಒನ್ ಪೀಸ್ ದೊಡ್ಡದಾ ಅಂತ ಮೆಸ್ಸಲ್ಲಿ ಸಾಂಬಾರ್ ತಣ್ಣಗಾಗೋ ತನಕ ಜಗಳ ನಡೆಯುತ್ತೆ. ಆದರೆ ‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’ ಅಂದ ಕೂಡಲೇ ಎರಡೇ ಥರದ ಉತ್ತರ ಬರುತ್ತೆ. ಒಂದು, “ಅದು ರೋಬೋ ಸೀರೀಸ್ ಅಲ್ವಾ?” ಇನ್ನೊಂದು, “ಶುರು ಮಾಡಿದ್ದೆ ಮಗಾ, ಹೀರೋ ಬರೀ ಅಳ್ತಾನೆ, ಬಿಟ್ಬಿಟ್ಟೆ.” ಈ ಲೇಖನ ಮುಖ್ಯವಾಗಿ ಎರಡನೇ ಉತ್ತರ ಕೊಟ್ಟವರಿಗೆ. ಅವನು ಯಾಕೆ ಅಳ್ತಾನೆ, ಅವನ ಪಕ್ಕ ಯಾರಿದ್ರು, ಯಾರಿರಲಿಲ್ಲ ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡೋಣ ಅಂತ.

ಕತೆಯ ಕೊನೆಯವರೆಗೂ ಮಾತಾಡ್ತೀನಿ. ಇನ್ನೂ ನೋಡಿಲ್ಲ, ಮುಂದೆ ನೋಡಬೇಕು ಅಂತಿರೋರು ಇಲ್ಲೇ ನಿಲ್ಲಿಸಿ, ಮೊದಲ ನಾಲ್ಕು ಎಪಿಸೋಡ್ ನೋಡ್ಕೊಂಡು ಬನ್ನಿ. ಒಂದೂವರೆ ಗಂಟೆ ಸಾಕು.

ಮೊದಲು ಸ್ವಲ್ಪ ಮಾಹಿತಿ. ಈ ಸರಣಿ ಜಪಾನಿನ ಟಿವಿ ಟೋಕಿಯೊದಲ್ಲಿ 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್ ತನಕ ಪ್ರಸಾರವಾಯ್ತು. ಒಟ್ಟು 26 ಎಪಿಸೋಡ್. ಮಾಡಿದ್ದು ಗೈನಾಕ್ಸ್ ಸ್ಟುಡಿಯೊ, ನಿರ್ದೇಶಕ ಹಿಡೆಯಾಕಿ ಅನ್ನೊ. ಇದನ್ನ ಶುರು ಮಾಡೋಕೆ ಮುಂಚೆ ನಾಲ್ಕು ವರ್ಷ ಏನೂ ಮಾಡೋಕಾಗದೆ ಕೂತಿದ್ದೆ ಅಂತ ಅನ್ನೊ ತಾವೇ ಬರೆದುಕೊಂಡಿದ್ದಾರೆ. ಖಿನ್ನತೆಯಲ್ಲಿದ್ದ ಮನುಷ್ಯ ಮಾಡಿದ ಸರಣಿ ಇದು, ಅದು ತೆರೆಯ ಮೇಲೆ ಗೊತ್ತಾಗುತ್ತೆ.

ಕತೆ ಇಷ್ಟು. ಶಿಂಜಿ ಇಕಾರಿ, ವಯಸ್ಸು ಹದಿನಾಲ್ಕು. ಅಮ್ಮ ಇಲ್ಲ. ಅಪ್ಪ ಗೆಂಡೊ ಚಿಕ್ಕಂದಿನಲ್ಲೇ ಅವನನ್ನ ಬೇರೆಯವರ ಹತ್ತಿರ ಬಿಟ್ಟು ಹೋದವನು. ವರ್ಷಗಳಾದ ಮೇಲೆ ಅದೇ ಅಪ್ಪ ಟೋಕಿಯೊ-3 ಅನ್ನೋ ನಗರಕ್ಕೆ ಕರೆಸ್ಕೊಳ್ತಾನೆ. ಪ್ರೀತಿಯಿಂದ ಅಲ್ಲ. ‘ಏಂಜೆಲ್’ ಅನ್ನೋ ಹೆಸರಿನ ದೈತ್ಯಜೀವಿಗಳು ದಾಳಿ ಮಾಡ್ತಿವೆ, ಅವುಗಳ ವಿರುದ್ಧ ಹೋರಾಡೋಕೆ ‘ಇವಾ’ ಅನ್ನೋ ಯಂತ್ರವಿದೆ, ಅದರೊಳಗೆ ಕೂತು ನಡೆಸೋಕೆ ಒಬ್ಬ ಹುಡುಗ ಬೇಕು. ಹತ್ತು ಅಂತ ಅಪ್ಪ ಹೇಳ್ತಾನೆ, ಮಗ ಹತ್ತುತ್ತಾನೆ. ಇವಾಕ್ಕೆ ಪೆಟ್ಟು ಬಿದ್ದರೆ ಒಳಗೆ ಕೂತವನ ಮೈಗೂ ಅದೇ ನೋವು. ಯಂತ್ರದ ಕೈ ಮುರಿದರೆ ಹುಡುಗ ತನ್ನ ಕೈ ಹಿಡ್ಕೊಂಡು ಕಿರುಚ್ತಾನೆ. ಈ ಒಂದು ನಿಯಮ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸರಣಿಯ ಬಗ್ಗೆ ಯಾರು ಮಾತಾಡಿದ್ರೂ ಒಂದು ಉಪಮೆ ಬಂದೇ ಬರುತ್ತೆ: ಮುಳ್ಳುಹಂದಿಗಳ ಪೇಚಾಟ. ಮೂರನೇ ಎಪಿಸೋಡ್‌ನಲ್ಲಿ ಶಿಂಜಿಗೆ ಕೊಡಿಸಿದ ಮೊಬೈಲ್‌ಗೆ ಒಂದೇ ಒಂದು ಕಾಲ್ ಬಂದಿರಲ್ಲ. ಆ ಎಪಿಸೋಡ್‌ನ ಜಪಾನಿ ಹೆಸರೇ ರಿಂಗ್ ಆಗದ ಫೋನ್ ಬಗ್ಗೆ. ಅವನನ್ನ ತನ್ನ ಮನೆಯಲ್ಲಿ ಇಟ್ಕೊಂಡಿರೋ ಅಧಿಕಾರಿ ಮಿಸಾಟೊ ಇದನ್ನ ತನ್ನ ಗೆಳತಿ, ವಿಜ್ಞಾನಿ ರಿತ್ಸುಕೊ ಹತ್ತಿರ ಹೇಳಿದಾಗ ಮುಳ್ಳುಹಂದಿ ಮಾತು ಬರುತ್ತೆ. ಹತ್ತಿರ ಬಂದಷ್ಟೂ ಒಬ್ಬರ ಮುಳ್ಳು ಇನ್ನೊಬ್ಬರಿಗೆ ಚುಚ್ಚುತ್ತೆ, ಶಿಂಜಿ ಅದಕ್ಕೇ ದೂರ ಇರ್ತಾನೆ ಅಂತ. ಜಪಾನಿಯಲ್ಲಿ ಬಳಸೋ ಪದ ‘ಯಮಾಅರಾಶಿ’, ಅಂದ್ರೆ ಮುಳ್ಳುಹಂದಿ. ನಮಗೆ ಪರಿಚಯ ಇರೋದೂ ಅದೇ, ಆ ಹೆಸರಿಂದಲೇ ಕರೆಯೋಣ. ತಪ್ಪೇನೂ ಇಲ್ಲ, ಯಾಕಂದ್ರೆ ಈ ಉಪಮೆಯನ್ನ ಮೊದಲು ಬರೆದ ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹೌರ್ ಬರೆದಿದ್ದೂ ಮುಳ್ಳುಹಂದಿ ಬಗ್ಗೆಯೇ.

1851ರ ಪುಸ್ತಕದಲ್ಲಿ ಅವನು ಹೇಳೋದು ಹೀಗೆ. ವಿಪರೀತ ಚಳಿ. ಮುಳ್ಳುಹಂದಿಗಳು ಬೆಚ್ಚಗಾಗೋಕೆ ಒಟ್ಟಿಗೆ ಸೇರ್ತವೆ. ಮುಳ್ಳು ಚುಚ್ಚುತ್ತೆ, ದೂರ ಹೋಗ್ತವೆ. ಚಳಿ ಆಗುತ್ತೆ, ಮತ್ತೆ ಹತ್ತಿರ ಬರ್ತವೆ. ಹೀಗೆ ಹಿಂದೆ ಮುಂದೆ ಆಗ್ತಾ ಆಗ್ತಾ ತಡ್ಕೊಳ್ಳೋ ಅಂಥ ಒಂದು ಅಂತರ ಸಿಗುತ್ತೆ. ಮನುಷ್ಯರಲ್ಲಿ ಆ ಅಂತರದ ಹೆಸರು ಸಭ್ಯತೆ, ಮರ್ಯಾದೆ ಅಂತಾನೆ ಶೋಪೆನ್‌ಹೌರ್. ಮುಂದೆ 1921ರಲ್ಲಿ ಫ್ರಾಯ್ಡ್ ಕೂಡ ಗುಂಪಿನ ಮನಶ್ಶಾಸ್ತ್ರದ ಬಗ್ಗೆ ಬರೆಯುವಾಗ ಇದೇ ಕತೆ ತಗೊಂಡ. ನಮ್ಮ ಭಾಷೇಲಿ ಹೇಳಬೇಕಂದ್ರೆ ಇದೊಂದು ಮ್ಯಾಕ್ಸಿಮಾ-ಮಿನಿಮಾ ಪ್ರಾಬ್ಲಮ್. ದೂರ ಜಾಸ್ತಿ ಆದ್ರೆ ಚಳಿ, ಕಡಿಮೆ ಆದ್ರೆ ಚುಚ್ಚು, ಎರಡರ ಮೊತ್ತ ಎಲ್ಲಿ ಕನಿಷ್ಠವೋ ಅಲ್ಲಿ ನಿಂತ್ಕೋ. ಡಿಫರೆನ್ಷಿಯೇಟ್ ಮಾಡು, ಸೊನ್ನೆಗೆ ಸಮ ಮಾಡು, ಮುಗೀತು.

ಇಂಟರ್‌ನೆಟ್ಟಲ್ಲಿ ಇವಾಂಜೆಲಿಯನ್ ಬಗ್ಗೆ ಇರೋ ಅರ್ಧಕ್ಕರ್ಧ ವಿಡಿಯೊಗಳು ಇಲ್ಲಿಗೇ ನಿಲ್ತವೆ. ‘ಸರಿಯಾದ ಅಂತರ ಕಾಪಾಡ್ಕೊಳ್ಳಿ’ ಅಂತ ಹೇಳಿ, ಪಿಯಾನೊ ಮ್ಯೂಸಿಕ್ ಹಾಕಿ ಮುಗಿಸ್ತಾರೆ. ನಂಗೆ ಮಾತ್ರ ಸರಣಿಯೇ ಈ ಉತ್ತರವನ್ನ ಒಪ್ಪಲ್ಲ ಅನ್ಸುತ್ತೆ. ಮುಳ್ಳುಹಂದಿ ಮಾತು ಆಡೋರು ಇಬ್ಬರು ದೊಡ್ಡವರು, ಅದೂ ಶಿಂಜಿಯ ಬೆನ್ನ ಹಿಂದೆ. ಅದೇ ಹೊತ್ತಿಗೆ ಸ್ಕೂಲಿನಲ್ಲಿ ಹುಡುಗರ ಮಧ್ಯೆ ನಡೆಯೋದು ಪೂರ್ತಿ ಬೇರೆ.

ತೋಜಿ ಸುಜುಹಾರಾ ಶಿಂಜಿಯ ಕ್ಲಾಸ್‌ಮೇಟ್. ಯಾವಾಗಲೂ ಟ್ರ್ಯಾಕ್ ಸೂಟು, ದೊಡ್ಡ ಬಾಯಿ. ಶಿಂಜಿ ಮೊದಲ ಸಲ ಇವಾ ಓಡಿಸಿದ ದಿನ ನಡೆದ ಹೋರಾಟದಲ್ಲಿ ತೋಜಿಯ ತಂಗಿಗೆ ಭಾರಿ ಪೆಟ್ಟಾಗಿ ಆಸ್ಪತ್ರೆ ಸೇರಿರ್ತಾಳೆ. ಆ ಯಂತ್ರ ಓಡಿಸ್ತಿದ್ದವನು ಇವನೇ ಅಂತ ಗೊತ್ತಾದ ತಕ್ಷಣ ತೋಜಿ ಅವನನ್ನ ಹೊರಗೆ ಕರ್ಕೊಂಡು ಹೋಗಿ ಮುಖಕ್ಕೆ ಗುದ್ದುತ್ತಾನೆ. ನಾನೇನು ಇಷ್ಟಪಟ್ಟು ಹತ್ತಿದ್ದಾ ಅನ್ನೋ ಅರ್ಥದ ಮಾತೊಂದು ಶಿಂಜಿ ಬಾಯಿಂದ ಬರುತ್ತೆ. ಇನ್ನೊಂದು ಗುದ್ದು.

ಅಷ್ಟರಲ್ಲಿ ಸೈರನ್. ಊರವರೆಲ್ಲ ನೆಲದಡಿಯ ಶೆಲ್ಟರ್‌ಗೆ. ಇನ್ನೊಬ್ಬ ಹುಡುಗ ಕೆನ್‌ಸುಕೆ ಐದಾ, ಮಿಲಿಟರಿ ಹುಚ್ಚಿನ ಕನ್ನಡಕದವನು, ಕೈಯಲ್ಲಿ ಯಾವಾಗಲೂ ವಿಡಿಯೊ ಕ್ಯಾಮೆರಾ. ಅವನು ಯುದ್ಧ ನೋಡಲೇಬೇಕು ಅಂತ ತೋಜಿನ ಎಳ್ಕೊಂಡು ಶೆಲ್ಟರ್ ಬಿಟ್ಟು ಗುಡ್ಡಕ್ಕೆ ಬರ್ತಾನೆ. ಏಂಜೆಲ್ ಎತ್ತಿ ಎಸೆದ ಇವಾ ಸೀದಾ ಇವರಿಬ್ಬರ ಮೇಲೆ ಬಂದು ಬೀಳುತ್ತೆ. ಅದರ ಬೆರಳುಗಳ ಸಂದಿಯಲ್ಲಿ ಇಬ್ಬರೂ ಬದುಕಿ ಉಳಿತಾರೆ. ಮಿಸಾಟೊ ಇಬ್ಬರನ್ನೂ ಇವಾದ ಒಳಗೆ ಹತ್ತಿಸ್ಕೊಳ್ಳೋಕೆ ಹೇಳ್ತಾಳೆ.

ಇಲ್ಲಿಂದ ಮುಂದಿನ ಎರಡು ಮೂರು ನಿಮಿಷ ಇಡೀ ಸರಣಿಯಲ್ಲಿ ಗೆಳೆತನದ ಬಗ್ಗೆ ಇರೋ ಅತಿ ಮುಖ್ಯ ದೃಶ್ಯ ಅನ್ನೋದು ನನ್ನ ಅಭಿಪ್ರಾಯ. ಹಿಂದಕ್ಕೆ ಬಾ ಅಂತ ಆರ್ಡರ್ ಬರುತ್ತೆ. ಶಿಂಜಿ ಕೇಳಲ್ಲ. ಚಾಕು ಹಿಡ್ಕೊಂಡು ಕಿರುಚುತ್ತಾ ಏಂಜೆಲ್ ಮೇಲೆ ನುಗ್ಗುತ್ತಾನೆ. ಅದರ ಚಾಟಿಯಂಥ ಕೈಗಳು ಇವಾದ ಹೊಟ್ಟೆಯೊಳಗೆ ಹೋಗ್ತವೆ, ಶಿಂಜಿ ಹೊಟ್ಟೆಯೂ ಉರಿಯುತ್ತೆ. ಅವನು ಬಿಡಲ್ಲ. ಏಂಜೆಲ್ ಸಾಯುತ್ತೆ, ಇವಾದ ಕರೆಂಟು ಮುಗಿಯುತ್ತೆ, ಕತ್ತಲಾಗುತ್ತೆ. ಕತ್ತಲೆಯಲ್ಲಿ ಶಿಂಜಿ ಅಳ್ತಾ ಕೂತಿರೋದನ್ನ ತೋಜಿ, ಕೆನ್‌ಸುಕೆ ಹಿಂದಿಂದ ನೋಡ್ತಾರೆ. ಯಾರೂ ಏನೂ ಮಾತಾಡಲ್ಲ.

ತೋಜಿ ಗುದ್ದಿದಾಗ ಅವನಿಗೆ ಗೊತ್ತಿದ್ದಿದ್ದು ತಂಗಿಯ ಕಡೆಯ ಲೆಕ್ಕ ಮಾತ್ರ. ಹೊರಗಿಂದ ನೋಡೋರಿಗೆ ಇವಾ ಅಂದ್ರೆ ಕಟ್ಟಡದಷ್ಟು ಎತ್ತರದ, ಎಲ್ಲಾ ತುಳಿದು ಹಾಕೋ ಯಂತ್ರ. ಒಳಗೆ ಹೊಕ್ಕ ಮೇಲೆ ಕಂಡಿದ್ದು ನಡುಗ್ತಿರೋ ಒಬ್ಬ ಹುಡುಗ. ಶಿಂಜಿ ತನ್ನ ನೋವನ್ನ ವಿವರಿಸಲಿಲ್ಲ. ಕ್ಷಮೆ ಕೇಳಲಿಲ್ಲ. ತೋಜಿಗೆ ನೋಡೋಕೆ ಸಿಕ್ತು, ಅಷ್ಟೇ.

ನಾಲ್ಕನೇ ಎಪಿಸೋಡ್‌ನಲ್ಲಿ ಶಿಂಜಿ ಮನೆ ಬಿಟ್ಟು ಓಡಿ ಹೋಗ್ತಾನೆ. ಟ್ರೈನಲ್ಲಿ ಸುತ್ತುತ್ತಾನೆ, ಸಿನಿಮಾ ಥಿಯೇಟರ್‌ನಲ್ಲಿ ರಾತ್ರಿ ಕಳೀತಾನೆ, ಗುಡ್ಡದಲ್ಲಿ ಅಲೀತಾನೆ. ಅಲ್ಲಿ ಹುಲ್ಲಿನ ಮಧ್ಯೆ ಕೆನ್‌ಸುಕೆ ಒಬ್ಬನೇ ಆಟದ ಗನ್ ಹಿಡ್ಕೊಂಡು ಯುದ್ಧದ ಆಟ ಆಡ್ತಿರ್ತಾನೆ. (ಇಂಥ ಒಬ್ಬ ನಮ್ಮ ಬ್ರ್ಯಾಂಚಲ್ಲೂ ಇದಾನೆ, ಹೆಸರು ಬೇಡ.) ಕೆನ್‌ಸುಕೆ ಏನನ್ನೂ ಕೆದಕಿ ಕೇಳಲ್ಲ. ಊಟ ಕೊಡ್ತಾನೆ, ಟೆಂಟಲ್ಲಿ ಮಲಗೋಕೆ ಜಾಗ ಕೊಡ್ತಾನೆ. ಬೆಳಗ್ಗೆ ನರ್ವ್ ಸಂಸ್ಥೆಯ ಕಪ್ಪು ಸೂಟಿನವರು ಬಂದು ಶಿಂಜಿನ ಕರ್ಕೊಂಡು ಹೋಗ್ತಾರೆ.

ಕೊನೆಗೆ ಇವಾ ಓಡಿಸೋ ಕೆಲಸ ಬಿಟ್ಟು ಊರಿಗೆ ವಾಪಸ್ ಹೋಗೋದು ಅಂತ ತೀರ್ಮಾನ ಆಗುತ್ತೆ. ರೈಲ್ವೆ ಸ್ಟೇಷನ್ನಿಗೆ ತೋಜಿ, ಕೆನ್‌ಸುಕೆ ಬರ್ತಾರೆ. ತೋಜಿಗೆ ಸಾರಿ ಹೇಳೋಕೆ ಬರಲ್ಲ. ನಮ್ಮ ಹುಡುಗರ ಥರಾನೇ. ನಾನು ನಿಂಗೆ ಹೊಡೆದಿದ್ದೀನಿ, ಈಗ ನೀನು ನಂಗೆ ಹೊಡಿ ಅಂತಾನೆ. ಶಿಂಜಿ ಮೊದಲು ಒಪ್ಪಲ್ಲ, ಆಮೇಲೆ ಹೊಡೀತಾನೆ. ಒಳಗೆ ಕರ್ಕೊಂಡು ಹೋಗುವಾಗ ತಿರುಗಿ ಕೂಗ್ತಾನೆ: ಹೊಡೆಸ್ಕೊಳ್ಳಬೇಕಾದವನು ನಾನು, ನಾನು ಹೇಡಿ, ನಾನು ಕುತಂತ್ರಿ ಅನ್ನೋ ಅರ್ಥದಲ್ಲಿ. ಅಲ್ಲಿವರೆಗೆ ಯಾರ ಹತ್ತಿರವೂ ಅವನು ಇಷ್ಟು ಮಾತಾಡಿರಲ್ಲ. ಟ್ರೈನ್ ಹೋಗುತ್ತೆ. ಶಿಂಜಿ ಪ್ಲಾಟ್‌ಫಾರ್ಮಲ್ಲೇ ನಿಂತಿರ್ತಾನೆ.

ಇಲ್ಲಿ ಮುಳ್ಳುಹಂದಿ ಲೆಕ್ಕ ಎಲ್ಲಿದೆ ಹೇಳಿ? ಇಬ್ಬರೂ ಸೇಫ್ ಡಿಸ್ಟನ್ಸ್ ಹುಡುಕಲಿಲ್ಲ. ಮುಳ್ಳು ಚುಚ್ಚಿತು, ಚುಚ್ಚಿದ್ದು ಎಲ್ಲಿಗೆ ಅಂತ ನೋಡಿದ್ರು, ಅಲ್ಲಿಂದ ಗೆಳೆತನ ಶುರು ಆಯ್ತು. ಮುಳ್ಳುಹಂದಿ ಕತೆ ಹೇಳೋರು ಮುಳ್ಳನ್ನ ಎಣಿಸ್ತಾರೆ, ಚಳಿ ಮರೆತುಬಿಡ್ತಾರೆ. ಶೋಪೆನ್‌ಹೌರ್‌ನ ಕತೆ ಶುರುವಾಗೋದೇ ಚಳಿಯಿಂದ. ಚಳಿ ಇಲ್ಲದಿದ್ರೆ ಆ ಪ್ರಾಣಿಗಳಿಗೆ ಪ್ರಾಬ್ಲಮ್ಮೇ ಇರ್ತಿರಲಿಲ್ಲ.

ಈಗ ಕಷ್ಟದ ಭಾಗ, 17 ಮತ್ತು 18ನೇ ಎಪಿಸೋಡ್. ಹೊಸ ಇವಾ ಒಂದು ಬರುತ್ತೆ, ಅದಕ್ಕೆ ಪೈಲಟ್ ಆಗಿ ಆಯ್ಕೆ ಆಗೋದು ತೋಜಿ. ಪ್ರಿನ್ಸಿಪಾಲ್ ರೂಮಿಗೆ ಕರೆಸ್ತಾರೆ, ಅಲ್ಲಿ ರಿತ್ಸುಕೊ ಕೂತಿರ್ತಾಳೆ. ತಂಗಿಯನ್ನ ಒಳ್ಳೆ ಆಸ್ಪತ್ರೆಗೆ ಸೇರಿಸಿದ್ರೆ ಹತ್ತುತ್ತೀನಿ ಅಂತ ತೋಜಿ ಒಪ್ಕೊಳ್ತಾನೆ. ಆ ಮೇಲಿನ ದಿನಗಳು ವಿಚಿತ್ರ. ಏನೂ ನಡೆಯಲ್ಲ, ಯುದ್ಧ ಇಲ್ಲ. ಸ್ಕೂಲು, ಊಟದ ಡಬ್ಬಿ, ಟೆರೇಸು. ತೋಜಿ ಎಂದಿನ ಹಾಗೆ ಕೂಗಾಡಲ್ಲ, ಒಬ್ಬನೇ ಕೂತಿರ್ತಾನೆ. ಮಿಸಾಟೊಗೆ ವಿಷಯ ಗೊತ್ತು. ಇನ್ನಿಬ್ಬರು ಪೈಲಟ್‌ಗಳಾದ ರೇ, ಅಸುಕಾ ಇಬ್ಬರಿಗೂ ಗೊತ್ತು. ಗೊತ್ತಿಲ್ಲದವನು ಶಿಂಜಿ ಒಬ್ಬನೇ. ಮಿಸಾಟೊಗೆ ಹೇಳೋಕೆ ಮನಸ್ಸಿದೆ, ಬಾಯಿ ಬರಲ್ಲ. ಅವನಿಗೆ ನೋವಾಗುತ್ತೆ ಅಂತ. ತೋಜಿಯೂ ಹೇಳಲ್ಲ.

ಟೆಸ್ಟ್ ದಿನ ಆ ಹೊಸ ಇವಾವನ್ನೇ ಏಂಜೆಲ್ ಒಂದು ವಶ ಮಾಡ್ಕೊಳ್ಳುತ್ತೆ. ಟೆಸ್ಟ್ ನಡೆದ ಜಾಗದಲ್ಲಿ ಸ್ಫೋಟ, ಮಿಸಾಟೊ ಸಂಪರ್ಕದಲ್ಲಿಲ್ಲ. ಸಂಜೆಯ ಕೆಂಪು ಬೆಳಕಲ್ಲಿ ಅದು ನಡ್ಕೊಂಡು ಬರುತ್ತೆ. ಪೈಲಟ್ ಕೂರೋ ಕೊಳವೆ, ಅದಕ್ಕೆ ಎಂಟ್ರಿ ಪ್ಲಗ್ ಅಂತಾರೆ, ಹೊರಗೆ ಬಂದಿಲ್ಲ. ಅಂದ್ರೆ ಒಳಗೆ ಯಾರೋ ಇದ್ದಾರೆ. ಅಸುಕಾ ರೇಡಿಯೊದಲ್ಲಿ ಶಿಂಜಿಗೆ ಹೇಳೋಕೆ ಶುರು ಮಾಡ್ತಾಳೆ, ನಿಂಗಿನ್ನೂ ಗೊತ್ತಿಲ್ವಾ, ಅದರೊಳಗೆ ಇರೋದು... ಅಷ್ಟರಲ್ಲಿ ಅವಳ ಇವಾಕ್ಕೆ ಪೆಟ್ಟು ಬಿದ್ದು ಮಾತು ಕಟ್ ಆಗುತ್ತೆ. ಹೆಸರು ಬರೋದೇ ಇಲ್ಲ.

ಶಿಂಜಿ ಹೋರಾಡಲ್ಲ. ಒಳಗಿರೋದು ತೋಜಿ ಅಂತ ಗೊತ್ತಿಲ್ಲದೇನೂ ಹೋರಾಡಲ್ಲ. ಒಳಗೆ ನನ್ನ ಥರ ಒಬ್ಬ ಇದಾನೆ ಅನ್ನೋದೇ ಅವನಿಗೆ ಸಾಕು. ಕೊಲ್ಲೋದಕ್ಕಿಂತ ಸಾಯ್ತೀನಿ ಅಂತಾನೆ. ಅಪ್ಪ ಗೆಂಡೊ, ಮಗನ ಕೈಯಿಂದ ಕಂಟ್ರೋಲ್ ಕಿತ್ತುಕೊಂಡು ಡಮ್ಮಿ ಸಿಸ್ಟಮ್ ಆನ್ ಮಾಡಿಸ್ತಾನೆ. ಶಿಂಜಿ ಒಳಗೆ ಲಿವರ್ ಎಳೆದು ಎಳೆದು ನಿಲ್ಲಿಸು ನಿಲ್ಲಿಸು ಅಂತ ಕಿರುಚ್ತಾ ಇರ್ತಾನೆ, ಅವನು ಕೂತಿರೋ ಇವಾ ತಾನಾಗೇ ಎದುರಿನದನ್ನ ಹರಿದು ಹಾಕಿ ಕೊನೆಗೆ ಆ ಎಂಟ್ರಿ ಪ್ಲಗ್ಗನ್ನ ಮುಷ್ಟಿಯಲ್ಲಿ ಹಿಸುಕುತ್ತೆ. ಗಾಯಗೊಂಡ ಮಿಸಾಟೊ ರೇಡಿಯೊದಲ್ಲಿ ಸಿಕ್ಕು ನಿಜ ಹೇಳೋಕೆ ಹೊರಡೋ ಹೊತ್ತಿಗೆ ಎಲ್ಲಾ ಆಗಿಹೋಗಿರುತ್ತೆ. ಪ್ಲಗ್ಗಿನಿಂದ ಎತ್ತುತ್ತಿರೋ ಹುಡುಗನ ಮುಖ ಶಿಂಜಿಗೆ ಕಾಣುತ್ತೆ. ಟಿವಿ ಸರಣಿಯಲ್ಲಿ ತೋಜಿ ಬದುಕ್ತಾನೆ, ಕಾಲು ಹೋಗುತ್ತೆ. ಯೊಶಿಯುಕಿ ಸಾದಾಮೊಟೊ ಬರೆದ ಮಾಂಗಾದಲ್ಲಿ ಸತ್ತೇ ಹೋಗ್ತಾನೆ.

ಮೂರನೇ ಎಪಿಸೋಡ್ ಪಕ್ಕ ಇದನ್ನ ಇಟ್ಟು ನೋಡಿ. ಅಲ್ಲಿ ತೋಜಿಯನ್ನ ಪ್ಲಗ್ಗಿನ ಒಳಗೆ ಕೂರಿಸಿ ಶಿಂಜಿಯ ನೋವು ತೋರಿಸಿದ್ರು. ಇಲ್ಲಿ ತೋಜಿ ಇನ್ನೊಂದು ಪ್ಲಗ್ಗಿನಲ್ಲಿ, ಶಿಂಜಿ ಹೊರಗೆ, ಮಧ್ಯೆ ಲೋಹದ ಗೋಡೆ, ಒಳಗಿರೋದು ಯಾರು ಅಂತ ಯಾರೂ ಹೇಳಲ್ಲ. ಬರಹಗಾರರು ಇದನ್ನ ಬೇಕಂತಲೇ ಹೀಗೆ ಎದುರುಬದುರು ಇಟ್ಟಿದ್ದಾರೆ ಅನ್ನೋದು ನನ್ನ ಓದು.

ಒಂದು ಪ್ರಶ್ನೆ ನಂಗೆ ಮೊದಲ ಸಲ ನೋಡಿದಾಗಿಂದ ಕಾಡ್ತಿತ್ತು. ಹೇಳಿದ್ರೆ ಏನಾಗ್ತಿತ್ತು? ಲಾಜಿಕಲ್ಲಾಗಿ ನೋಡಿದ್ರೆ ಏನೂ ಇಲ್ಲ. ಶಿಂಜಿ ಹೇಗಿದ್ರೂ ಹೋರಾಡ್ತಿರಲಿಲ್ಲ, ಗೆಂಡೊ ಹೇಗಿದ್ರೂ ಸ್ವಿಚ್ ಒತ್ತಿಸ್ತಿದ್ದ. ತೋಜಿಯ ಕಾಲು ಉಳೀತಿರಲಿಲ್ಲ. ಹಾಗಾದ್ರೆ ಮಿಸಾಟೊ ಸುಮ್ನಿದ್ದಿದ್ದು ಸರಿಯೇ ಅಲ್ವಾ?

ಇದಕ್ಕೆ ಉತ್ತರ ನಂಗೆ ಅನಿಮೆಯಿಂದ ಸಿಗಲಿಲ್ಲ. ಫಸ್ಟ್ ಇಯರ್ ಎಕ್ಸಾಮ್ ಟೈಮಲ್ಲಿ ನಮ್ಮ ಅಜ್ಜಿ ತೀರ್ಕೊಂಡ್ರು. ಇನ್ನೂ ಎರಡು ಪೇಪರ್ ಬಾಕಿ ಇತ್ತು. ಮನೇಲಿ ಎಲ್ಲರೂ ಸೇರಿ, ಅವನ ಎಕ್ಸಾಮ್ ಮುಗಿಯೋ ತನಕ ಹೇಳೋದು ಬೇಡ ಅಂತ ತೀರ್ಮಾನ ಮಾಡಿದ್ರು. ಅಪ್ಪ ನನ್ನ ರೂಮ್‌ಮೇಟ್‌ಗೆ ಮಾತ್ರ ಫೋನ್ ಮಾಡಿ, ಸ್ವಲ್ಪ ನೋಡ್ಕೋಪ್ಪ, ಸೋಷಿಯಲ್ ಮೀಡಿಯಾದಲ್ಲಿ ಯಾರಾದ್ರೂ ಹಾಕಿದ್ರೆ ನೋಡದ ಹಾಗೆ ಮಾಡು ಅಂದಿದ್ರಂತೆ. ನಾಲ್ಕು ದಿನ ಅವನು ನನ್ನ ಜೊತೆ ಕೂತು ಓದ್ದ, ನನ್ನ ಜೊತೆ ಟೀ ಕುಡಿದ, ನನಗಿಂತ ಮುಂಚೆ ಎದ್ದು ನನ್ನ ಫೋನ್ ಚಾರ್ಜಿಗೆ ಹಾಕೋ ನೆಪದಲ್ಲಿ ನೋಟಿಫಿಕೇಷನ್ ತೆಗೆದು ಹಾಕ್ತಿದ್ದ. ಕೊನೇ ಪೇಪರ್ ಬರೆದು ಹೊರಗೆ ಬಂದಾಗ ಗೇಟ್ ಹತ್ತಿರ ಚಿಕ್ಕಪ್ಪ ಕಾರು ತಗೊಂಡು ನಿಂತಿದ್ರು. ನಾನು ಮನೆ ಮುಟ್ಟೋ ಹೊತ್ತಿಗೆ ಅಜ್ಜಿ ಮಂಚ ಗೋಡೆಗೆ ಒರಗಿಸಿ ಇಟ್ಟಿದ್ರು.

ಎಲ್ಲರೂ ಒಳ್ಳೇದಕ್ಕೇ ಮಾಡಿದ್ದು. ನಿಮ್ಮಲ್ಲಿ ಅನೇಕರ ಮನೇಲೂ ಇದೇ ಪದ್ಧತಿ ಇರುತ್ತೆ. ಹೇಳಿದ್ರೆ ಅಜ್ಜಿ ವಾಪಸ್ ಬರ್ತಿರಲಿಲ್ಲ, ಅದೂ ನಿಜ. ಆದರೆ ಹೋಗಿ ಅವರ ಮುಖ ನೋಡಲಾ, ಇದ್ದು ಎಕ್ಸಾಮ್ ಬರೀಲಾ ಅನ್ನೋದನ್ನ ನಾನು ತೀರ್ಮಾನ ಮಾಡಬೇಕಿತ್ತು. ಬಹುಶಃ ಎಕ್ಸಾಮೇ ಬರೀತಿದ್ದೆ. ಗೊತ್ತಿದ್ದು ಬರೆಯೋದಕ್ಕೂ ಗೊತ್ತಿಲ್ದೆ ಬರೆಯೋದಕ್ಕೂ ವ್ಯತ್ಯಾಸ ಇದೆ. ರೂಮ್‌ಮೇಟ್ ಜೊತೆ ತಿಂಗಳ ಕಾಲ ಸರಿಯಾಗಿ ಮಾತಾಡಲಿಲ್ಲ. ಒಂದಿನ ರಾತ್ರಿ ಅವನೇ ಲೈಟ್ ಆಫ್ ಮಾಡಿದ ಮೇಲೆ ಹೇಳಿದ: “ಆ ನಾಲ್ಕು ದಿನ ನಂಗೆ ನಿದ್ದೆ ಬರ್ತಿರಲಿಲ್ಲ ಮಗಾ. ನೀನು ಅಜ್ಜಿ ಮಾಡೋ ಕೋಡುಬಳೆ ಬಗ್ಗೆ ಮಾತಾಡಿದ್ಯಲ್ಲ, ಆವತ್ತು ಬಾತ್‌ರೂಮಿಗೆ ಹೋಗಿ ಅತ್ತೆ.” ಮುಚ್ಚಿಟ್ಟವನಿಗೂ ನೋವಿರುತ್ತೆ, ಅದೂ ಒಬ್ಬನೇ ಹೊರೋ ನೋವು ಅನ್ನೋದು ಆಗ ಗೊತ್ತಾಗಿದ್ದು. 18ನೇ ಎಪಿಸೋಡನ್ನ ಮತ್ತೆ ನೋಡಿದಾಗ ಮಿಸಾಟೊ ಮೇಲೆ ಮೊದಲಿನಷ್ಟು ಸಿಟ್ಟು ಬರಲಿಲ್ಲ. ತೋಜಿ ಬಗ್ಗೆ ಮಾತ್ರ ಜಾಸ್ತಿ ಬೇಜಾರಾಯ್ತು. ಟೆರೇಸಲ್ಲಿ ಒಬ್ಬನೇ ಕೂತಿದ್ನಲ್ಲ, ಪೈಲಟ್ ಆಗೋದು ಅಂದ್ರೆ ಹೇಗಿರುತ್ತೆ ಅಂತ ಇಡೀ ಸ್ಕೂಲಲ್ಲಿ ಅವನಿಗೆ ಹೇಳಬಲ್ಲ ಗೆಳೆಯ ಶಿಂಜಿಯೇ. ಭಯ ಆಗ್ತಿದೆ ಕಣೋ ಅಂತ ಹೇಳ್ಕೊಳ್ಳೋ ಒಂದು ಸಂಜೆ ಇಬ್ಬರಿಗೂ ಸಿಗಬೇಕಿತ್ತು. ಸಭ್ಯತೆ ಅಂತ ಶೋಪೆನ್‌ಹೌರ್ ಕರೆದನಲ್ಲ, ಆ ಅಂತರ ತಿಂದಿದ್ದು ಇದನ್ನ.

ಸರಿ, ಮುಂದೆ. ಸರಣಿಯ ಶುರುವಿಂದ ಎಟಿ ಫೀಲ್ಡ್ ಅನ್ನೋ ಪದ ಕೇಳ್ತಾ ಇರ್ತೀವಿ. ಏಂಜೆಲ್‌ಗಳ ಸುತ್ತ ಇರೋ ಅದೃಶ್ಯ ಗೋಡೆ, ಮಾಮೂಲಿ ಮಿಸೈಲ್ ಅದನ್ನ ದಾಟಲ್ಲ. ಮೊದಲು ನೋಡುವಾಗ ಫೋರ್ಸ್ ಫೀಲ್ಡ್ ಅಂತ ಸುಮ್ನಾಗ್ತೀವಿ. 24ನೇ ಎಪಿಸೋಡ್‌ನಲ್ಲಿ ಕವೋರು ನಗಿಸಾ ಅನ್ನೋ ಹುಡುಗ ಬಂದು ಅದರ ಅರ್ಥ ಹೇಳ್ತಾನೆ: ಅದು ಪ್ರತಿಯೊಬ್ಬರಲ್ಲೂ ಇರೋ ಮನಸ್ಸಿನ ಗೋಡೆ. ಆ ಹೊತ್ತಿಗೆ ತೋಜಿ, ಕೆನ್‌ಸುಕೆ ಎಲ್ಲರೂ ಊರು ಬಿಟ್ಟಿದ್ದಾರೆ, ಶಿಂಜಿಗೆ ಮಾತಾಡಿಸೋರೇ ಇಲ್ಲ. ಕವೋರು ಕೆರೆ ದಡದಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿ ಗುನುಗುತ್ತಾ ಸಿಕ್ತಾನೆ, ನಗ್ತಾನೆ, ನೀನು ಇಷ್ಟ ಅಂತ ನೇರವಾಗಿ ಹೇಳ್ತಾನೆ. ಯಾವ ಗೋಡೆಯೂ ಇಲ್ಲ ಅನ್ನೋ ಥರ.

ಸಣ್ಣ ಅಡ್ಡ ಮಾತು. 2019ರಲ್ಲಿ ನೆಟ್‌ಫ್ಲಿಕ್ಸಿಗೆ ಈ ಸರಣಿ ಬಂದಾಗ ಆ ಒಂದು ಪದಕ್ಕೆ ದೊಡ್ಡ ಗಲಾಟೆ ಆಯ್ತು. ಜಪಾನಿಯ ‘ಸುಕಿ’ಯನ್ನ ಹಳೇ ಇಂಗ್ಲಿಷ್ ಅನುವಾದದಲ್ಲಿ ಲವ್ ಅಂತ ಮಾಡಿದ್ರು, ಹೊಸದರಲ್ಲಿ ಲೈಕ್ ಅಂತ ಮಾಡಿದ್ರು. ಇಂಗ್ಲಿಷಲ್ಲಿ ಎರಡರಲ್ಲಿ ಒಂದನ್ನ ಆರಿಸ್ಲೇಬೇಕು. ಕನ್ನಡದಲ್ಲಿ ಈ ತಲೆನೋವಿಲ್ಲ. “ನೀನಂದ್ರೆ ನಂಗಿಷ್ಟ” ಅಂದ್ರೆ ಗೆಳೆಯನಿಗೂ ಹೊಂದುತ್ತೆ, ಪ್ರೀತಿಗೂ ಹೊಂದುತ್ತೆ, ಕೇಳಿದವನು ರಾತ್ರಿಯೆಲ್ಲ ಯೋಚಿಸ್ತಾ ಮಲಗಬೇಕು. ಇಂಗ್ಲಿಷ್ ಮೀಡಿಯಮ್ಮಲ್ಲಿ ಹನ್ನೆರಡು ವರ್ಷ ಓದಿದ ನಂಗೆ ನಮ್ಮ ಭಾಷೆ ಇಲ್ಲಿ ಜಪಾನಿಗೆ ಇಷ್ಟು ಹತ್ತಿರ ಇದೆ ಅಂತ ಗೊತ್ತಾಗಿ ಖುಷಿಯಾಯ್ತು.

ಆ ಕವೋರು ಕೊನೆಯ ಏಂಜೆಲ್. ತನ್ನನ್ನ ಕೊಲ್ಲು ಅಂತ ಅವನೇ ಕೇಳ್ತಾನೆ. ಇವಾದ ಕೈಯಲ್ಲಿ ಅವನಿದ್ದಾನೆ, ಚಿತ್ರ ಅಲ್ಲಾಡದೆ ಒಂದು ನಿಮಿಷಕ್ಕೂ ಜಾಸ್ತಿ ನಿಂತಿರುತ್ತೆ, ಹಿಂದೆ ಸಿಂಫನಿ. ನೆಟ್ ಹ್ಯಾಂಗ್ ಆಯ್ತು ಅಂತ ಅಂದ್ಕೋಬೇಡಿ. ಶಿಂಜಿ ಯೋಚನೆ ಮಾಡ್ತಿದಾನೆ. ಈ ಸಲ ಡಮ್ಮಿ ಸಿಸ್ಟಮ್ ಇಲ್ಲ, ಕೈ ಅವನದೇ.

ಕೊನೆಗೆ ಬರೋದು ಎಲ್ಲಾ ಗೋಡೆಗಳನ್ನೂ ತೆಗೆದುಬಿಡೋ ಯೋಜನೆ. 1997ರ ‘ಎಂಡ್ ಆಫ್ ಇವಾಂಜೆಲಿಯನ್’ ಸಿನಿಮಾದಲ್ಲಿ ಇದನ್ನ ಕಣ್ಣಿಗೆ ಕಾಣೋ ಹಾಗೆ ತೋರಿಸ್ತಾರೆ. ಮನುಷ್ಯರೆಲ್ಲರ ಎಟಿ ಫೀಲ್ಡ್ ಕರಗಿ, ದೇಹ ದ್ರವವಾಗಿ, ಎಲ್ಲರ ಮನಸ್ಸೂ ಒಂದಾಗುತ್ತೆ. ಅಂತರ ಸೊನ್ನೆ. ಯಾರ ಮುಳ್ಳೂ ಯಾರಿಗೂ ಚುಚ್ಚಲ್ಲ, ಮುಚ್ಚಿಡೋಕೂ ಜಾಗ ಇಲ್ಲ. ಇಷ್ಟು ದಿನ ನೋವಿಂದ ಓಡ್ತಿದ್ದ ಹುಡುಗ ಅಲ್ಲಿ ಬೇಡ ಅಂತಾನೆ. ಬೇರೆಯವರು ಬೇರೆಯವರಾಗಿಯೇ ಇರಲಿ, ಮತ್ತೆ ನೋವಾದ್ರೂ ಸರಿ, ಅವರನ್ನ ಇನ್ನೊಂದು ಸಲ ನೋಡಬೇಕು ಅಂತ. ಹಾಗೆ ವಾಪಸ್ ಬಂದ ಮೇಲೆ ಕಡಲ ದಡದ ದೃಶ್ಯದಲ್ಲಿ ಅವನಿಗೂ ಅಸುಕಾಗೂ ನಡೆಯೋದು ಸುಖಾಂತ್ಯವೇನಲ್ಲ, ನೋಡೋಕೆ ಹಿಂಸೆ ಆಗುತ್ತೆ. ಅನ್ನೊ ಅಲ್ಲಿ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ. ಟಿವಿಯ 25, 26ನೇ ಎಪಿಸೋಡ್‌ಗಳ ಬಗ್ಗೆ, ಆ ಚಪ್ಪಾಳೆ ಮೀಮ್ ಬಗ್ಗೆ, ಬೇರೆ ಯಾರಾದ್ರೂ ಬರೀರಿ. ಚಪ್ಪಾಳೆ ತಟ್ಟೋರ ಸಾಲಲ್ಲಿ ತೋಜಿ, ಕೆನ್‌ಸುಕೆ ಇಬ್ಬರೂ ಇದ್ದಾರೆ ಅನ್ನೋದನ್ನ ಮಾತ್ರ ಗಮನಿಸಿ.

ಇದಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ಅನ್ನೊ ಅದೇ ಹುಡುಗರನ್ನ ಮತ್ತೆ ಭೇಟಿ ಮಾಡಿಸಿದ್ರು. 2007ರಿಂದ ಹೊಸದಾಗಿ ಮಾಡಿದ ನಾಲ್ಕು ಸಿನಿಮಾಗಳಲ್ಲಿ ಕೊನೆಯದು 2021ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಂತು, ಆಮೇಲೆ ಪ್ರೈಮ್ ವಿಡಿಯೊದಲ್ಲೂ ಬಂತು. ಈ ಸಿನಿಮಾಗಳ ಕತೆ ಟಿವಿ ಸರಣಿಗಿಂತ ಬೇರೆ ದಾರಿ ಹಿಡಿಯುತ್ತೆ. ಇಲ್ಲಿ ಶಿಂಜಿ ಹದಿನಾಲ್ಕು ವರ್ಷ ನಿದ್ದೆಯಲ್ಲಿದ್ದು ಎದ್ದವನು, ಮೈ ಬೆಳೆದಿಲ್ಲ. ಪ್ರಪಂಚ ಹಾಳಾಗಿದೆ, ಅದಕ್ಕೆ ತಾನೇ ಕಾರಣ ಅಂತ ಅವನಿಗೆ ಗೊತ್ತು. ಕವೋರು ಕಣ್ಣೆದುರೇ ಸತ್ತಿದಾನೆ. ಮಾತಿಲ್ಲ, ಊಟ ಇಲ್ಲ. ಬದುಕುಳಿದವರ ಸಣ್ಣ ಹಳ್ಳಿಯೊಂದಕ್ಕೆ ಬಂದು ಸೇರ್ತಾನೆ. ಅಲ್ಲಿ ತೋಜಿ ದೊಡ್ಡವನಾಗಿದಾನೆ, ಊರಿಗೆ ಡಾಕ್ಟರ್ ಆಗಿದಾನೆ, ಹಿಂದೆ ಅವನಿಗೆ ಊಟದ ಡಬ್ಬಿ ಮಾಡಿಕೊಡೋಕೆ ಮುಂದಾಗಿದ್ದ ಹಿಕಾರಿಯನ್ನೇ ಮದುವೆಯಾಗಿದಾನೆ, ಒಂದು ಮಗೂನೂ ಇದೆ.

ಶಿಂಜಿನ ಇಟ್ಕೊಳ್ಳೋದು ಕೆನ್‌ಸುಕೆ. ಗುಡ್ಡದಲ್ಲಿ ಟೆಂಟು ಹಾಕಿದ್ದವನೇ. ಇಲ್ಲೂ ಅವನು ಕೆದಕಿ ಕೇಳಲ್ಲ, ಸಮಾಧಾನದ ಭಾಷಣ ಮಾಡಲ್ಲ, ಊಟ ಮಾಡು ಅಂತ ಬಲವಂತ ಮಾಡಲ್ಲ. ಅಸುಕಾ ಬೈದಾಗ ಅವನನ್ನ ಅವನ ಪಾಡಿಗೆ ಬಿಡು ಅನ್ನೋ ಥರ ಇರ್ತಾನೆ. ಮೊದಲ ಸಲ ನೋಡಿದಾಗ ಇದೂ ಅದೇ ಸಭ್ಯತೆಯ ಅಂತರ ಅಲ್ವಾ ಅನ್ನಿಸ್ತು. ಅಲ್ಲ. ಕೆನ್‌ಸುಕೆ ಏನನ್ನೂ ಮುಚ್ಚಿಡ್ತಿಲ್ಲ. ಶಿಂಜಿ ಮನೆ ಬಿಟ್ಟು ಹೋಗಿ ಹಾಳುಬಿದ್ದ ಜಾಗದಲ್ಲಿ ಕೂತು, ದಿನಗಳಾದ ಮೇಲೆ ಅತ್ತು, ತಾನಾಗೇ ಎದ್ದು ಬಂದಾಗ, ಕೆನ್‌ಸುಕೆ ತನ್ನ ಅಪ್ಪನ ಬಗ್ಗೆ ಹೇಳ್ತಾನೆ. ಅಂಥ ಮಹಾ ದುರಂತದಲ್ಲೂ ಬದುಕಿದ್ದ ಮನುಷ್ಯ ಸುಮ್ನೆ ಒಂದು ಆ್ಯಕ್ಸಿಡೆಂಟಲ್ಲಿ ಹೋಗಿಬಿಟ್ಟ, ಇರೋವಾಗ ಇನ್ನೂ ಸ್ವಲ್ಪ ಮಾತಾಡಬೇಕಿತ್ತು, ನಿನ್ನ ಅಪ್ಪ ಇನ್ನೂ ಇದಾನೆ ಅಂತ. ಶಿಂಜಿ ಸುಮ್ನೆ ಕೇಳಿಸ್ಕೊಳ್ತಾನೆ. ಆಮೇಲೆ ಕೆನ್‌ಸುಕೆ ಅವನನ್ನ ತನ್ನ ಜೊತೆ ಕೆಲಸಕ್ಕೆ ಕರ್ಕೊಂಡು ಹೋಗ್ತಾನೆ, ಕೈಗೊಂದು ಗಾಳದ ಕೋಲು ಕೊಟ್ಟು ನೀರಿನ ಹತ್ತಿರ ಕೂರಿಸ್ತಾನೆ, ಮೀನು ಹಿಡಿ ಅಂತ.